ಕೊನೆಯ ಸ್ವರದ ಜಾರು

...ಅಥವಾ ಅದು ಪಿಟೀಲಿನ ಕಮಾನಿಗೆ ತಿಕ್ಕುವ ರಾಳದ ವಾಸನೆಯೇ ಅಲ್ಲವೇನೋ. ಹೋದ ತಿಂಗಳು ಪಕ್ಕದ ಮನೆಯ ಚಾಚಿ ಕೊಟ್ಟ ಪಿಟೀಲಿನ ಪೆಟ್ಟಿಗೆ ತೆರೆದಾಗ ಮೂಗಿಗೆ ಮೊದಲು ಬಡಿದದ್ದು ಬೇಯಿಸಿದ ರೇಷ್ಮೆಗೂಡಿನ ನಾತ ಎಂದು ಈಗ ಅನ್ನಿಸುತ್ತಿದೆ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಆ ನಾತ ಎಲ್ಲ ಪೆಟ್ಟಿಗೆಗಳಲ್ಲೂ ಇರುತ್ತದೆ; ಅದು ಯಾವುದಕ್ಕೂ ಸಾಕ್ಷಿಯಲ್ಲ.

ಚಾಚಿಯ ಗಂಡ, ಚಾಚಾ, ಹರೆಯದಲ್ಲಿ ಬೆಂಗಳೂರಿನ ಹೋಟೆಲೊಂದರ ಬ್ಯಾಂಡಿನಲ್ಲಿ ಪಿಟೀಲು ನುಡಿಸುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಊರಿಗೆ ಬಂದು, ಬಿಸಿನೀರಿನಲ್ಲಿ ಕೈಯಾಡಿಸುತ್ತಾ ಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ನಿಂತರು. ನಾನು ರೆಕಾರ್ಡಿಂಗ್ ಕೆಲಸದವನು. ವರ್ಷಗಳ ಹಿಂದೆ ಮುದ್ದೇನಹಳ್ಳಿ ಹತ್ತಿರದ ಸಭಾಂಗಣವೊಂದರಲ್ಲಿ, ಒಂಟಿ ಪಿಟೀಲು ಮತ್ತು ವಾದ್ಯವೃಂದಕ್ಕೆಂದು ಬರೆದ ಪಾಶ್ಚಾತ್ಯ ಶಾಸ್ತ್ರೀಯ ಸೆರೆನೇಡ್ ಒಂದನ್ನು ಧ್ವನಿಮುದ್ರಿಸುವುದಿತ್ತು. ಪಿಟೀಲು ನುಡಿಸಬೇಕಾದವರು ಬರಲಾಗದೆ ಹೋದಾಗ ಚಾಚಾ ಹೆಸರು ಹೇಳಿದವನು ನಾನೇ.

ಸೆರೆನೇಡ್ ಅಂದರೆ ಪ್ರೇಯಸಿಯ ಕಿಟಕಿಯ ಕೆಳಗೆ ಸಂಜೆ ನುಡಿಸುವಂಥದ್ದು ಎಂದೆ.

“ಕಿಟಕಿ ಕೆಳಗೆ ಮೂವತ್ತು ಜನಾನಾ? ಹುಡುಗಿ ಪೊಲೀಸ್ರನ್ನ ಕರೀತಾಳೆ ಕಣಪ್ಪ” ಅಂದರು.

ಬಿಸಿನೀರಿನಲ್ಲಿ ನೆನೆದ ಬೆರಳ ತುದಿ ಮೆತ್ತಗಾಗುತ್ತದೆ, ತಂತಿ ಕೊಯ್ಯುತ್ತದೆ. ಹಾಗಾಗಿ ವಾರವಿಡೀ ಚಾಚಾ ನೀರು ಮುಟ್ಟಲಿಲ್ಲ. ಅವರ ಪಾಲಿನ ನೂಲನ್ನೂ ಚಾಚಿಯೇ ತೆಗೆದರು. “ನವಾಬ್ರು ಊಟಕ್ಕಾದ್ರೂ ಕೈ ತೊಳೀತಾರೋ, ಅದಕ್ಕೂ ನಾನೇ ಬರ್ಬೇಕೋ?” ಎಂದು ಅವರು ಕೂಗಿದ್ದು ಬೀದಿಗೆಲ್ಲ ಕೇಳಿತ್ತು.

ಮೊದಲ ಸಲ ನುಡಿಸಿದಾಗ ಚಾಚಾ ಕೊನೆಯ ಸ್ವರಕ್ಕೆ ನೇರವಾಗಿ ಹೋಗಲಿಲ್ಲ. ಬೆರಳನ್ನು ತಂತಿಯ ಮೇಲೆಯೇ ಜಾರಿಸಿ ಎಳೆದರು... ನಿಧಾನವಾಗಿ, ಎಲ್ಲಿ ಕಡಿದುಹೋಗುತ್ತದೋ ಎಂಬಷ್ಟು ಸಣ್ಣಗೆ. ವಾದ್ಯವೃಂದದ ನಿರ್ದೇಶಕರು ಬರೆದಷ್ಟೇ ನುಡಿಸಿ ಅಂದರು. ಎರಡನೇ ಸಲ ಬರೆದಷ್ಟೇ ನುಡಿಸಿದರು.

ಟೀ ಕುಡಿಯುವಾಗ ಚಾಚಾ ನನ್ನನ್ನು ಪಕ್ಕಕ್ಕೆ ಕರೆದರು. “ಮೊದಲ್ನೇದೇ ಇಡಪ್ಪ. ಎರಡ್ನೇದು ಚೆನ್ನಾಗೈತೆ, ಆದ್ರೆ ಅದನ್ನ ಯಾರು ಬೇಕಾದ್ರೂ ನುಡಿಸ್ಬೋದು.”

“ಇಡ್ತೀನಿ ಚಾಚಾ” ಅಂದೆ.

ಅಂದೆನೆಂದು ನೆನಪು. ನೆನಪು ಹೀಗೆ ಸಂಭಾಷಣೆಯಾಗಿ ಬಂದಾಗಲೆಲ್ಲ ನನಗೆ ಅನುಮಾನ. ಧ್ವನಿಯ ತುಂಡುಗಳನ್ನು ಸೇರಿಸಿ, ಸೇರಿಸಿದ್ದು ಗೊತ್ತಾಗದಂತೆ ಮಾಡುವುದೇ ನನ್ನ ಕಸುಬು.

ಪೆಟ್ಟಿಗೆಯಲ್ಲಿ, ಪಿಟೀಲಿನ ಕೆಳಗೆ, ಆಗ ನಾನೇ ತಂದುಕೊಟ್ಟಿದ್ದ ಸಿ.ಡಿ. ಇತ್ತು. ಪ್ಲಾಸ್ಟಿಕ್ ಹೊದಿಕೆ ಹರಿದಿತ್ತು. ಹಾಕಿ ಕೇಳಿದೆ. ಕೊನೆಯ ಸ್ವರ ನೇರವಾಗಿ, ಶುದ್ಧವಾಗಿ ಬಂತು. ಜಾರು ಇರಲಿಲ್ಲ.

ನಿರ್ದೇಶಕರೊಡನೆ ವಾದಿಸಿ ಸೋತಂತೆ ಒಂದು ನೆನಪಿದೆ. ಯಾರನ್ನೂ ಕೇಳದೆ ಎರಡನೆಯದನ್ನೇ ಹಾಕಿ ಮನೆಗೆ ಹೊರಟಂತೆ ಇನ್ನೊಂದು. ಎರಡರಲ್ಲೂ ನಾನು ಅದೇ ಕುರ್ಚಿಯಲ್ಲಿ ಕೂತಿದ್ದೇನೆ. ಚಾಚಾ ಮೊದಲ ಸಲ ನುಡಿಸಿದ್ದರ ಫೈಲು ಹುಡುಕಿದೆ, ಎಲ್ಲೂ ಸಿಗಲಿಲ್ಲ.

ಸಿ.ಡಿ. ಕೊಟ್ಟ ಮೇಲೂ ಚಾಚಾ ವರ್ಷಗಟ್ಟಲೆ ಇದ್ದರು. ಬಾಗಿಲಲ್ಲಿ ನಿಂತು “ಚಾ ಕುಡ್ದು ಹೋಗಪ್ಪ” ಎನ್ನುತ್ತಿದ್ದರು. ಆ ಧ್ವನಿಮುದ್ರಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ಈಗ ಆ ಬಾಗಿಲಲ್ಲಿ ಯಾರೂ ನಿಲ್ಲುವುದಿಲ್ಲ.

ಸಿ.ಡಿ. ಬಗ್ಗೆ ಚಾಚಿಯನ್ನು ಕೇಳಿದೆ. “ಅದನ್ನ ಹಾಕೋ ಮಿಷನ್ನು ನಮ್ಮನೇಲಿ ಎಲ್ಲಿತ್ತಪ್ಪ? ಒಂದಿನ ಜೇಬಲ್ಲಿಟ್ಕೊಂಡು ಚಿಂತಾಮಣಿ ಪೇಟೆ ಕಡೆ ಹೋಗಿದ್ರು. ವಾಪಸ್ ಬಂದು ಉಂಡು ಮಲಗಿದ್ರು” ಅಂದರು.

ಚಾಚಾ ಅದನ್ನು ಕೇಳಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.