ಹಸಿರು ದಾರದ ಹನ್ನೊಂದನೆಯ ಹಾಳೆ

ಬೆಳಗಿನ ಐದೂಕಾಲು. ಬಣ್ಣಗಾರರ ಓಣಿಯ ತುದಿಯಿಂದ ಕಲ್ಲಿನ ಮೆಟ್ಟಿಲುಗಳು ಗುಡ್ಡ ಹತ್ತುತ್ತವೆ. ಮೊದಲ ಮೆಟ್ಟಿಲ ಮೇಲೆ ನಿಂತ ಐವತ್ತೊಂಬತ್ತರ ಹೆಂಗಸು ಕೈಚೀಲದಿಂದ ಒಂದು ಹಾಳೆ ತೆಗೆದು ಬೀದಿದೀಪದ ಬೆಳಕಿಗೆ ಹಿಡಿಯುತ್ತಾರೆ. "ಎಣಿಸ್ತೀರಾ?" ಎಂದು ನನ್ನನ್ನು ಕೇಳುತ್ತಾರೆ. ಹಾಳೆಯ ಪ್ರಕಾರ ಮೆಟ್ಟಿಲು ನಲವತ್ತೊಂದು. ನಾನು ಏದುಸಿರು ಬಿಡುತ್ತ ಎಣಿಸುತ್ತೇನೆ. ನಲವತ್ತೊಂದೇ. ಮೇಲೆ ಮೂರನೆಯ ತಿರುವಿನಲ್ಲಿ ನಿಂತರೆ ಮಾತ್ರ ಕೆಳಗಿನ ಗಡಿಯಾರದ ಗಂಟೆ ಕೇಳುತ್ತದೆ ಎಂದೂ ಅದರಲ್ಲಿದೆ. ಹೋಗಿ ನಿಲ್ಲುತ್ತೇವೆ. ಐದೂವರೆಯ ಒಂದೇ ಹೊಡೆತ, ಪಕ್ಕದಲ್ಲೇ ಯಾರೋ ಬಾರಿಸಿದ ಹಾಗೆ. ಇದು ಎಪ್ಪತ್ತು ವರ್ಷಗಳ ಹಿಂದೆ ಒಂದು ಕಾದಂಬರಿಯಲ್ಲಿ ಬರೆದಿಟ್ಟ ಸದ್ದು.

ಇವರು ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕ ಹೊಲಿಯುವವರು. ಎಲ್ಲರ ಬಾಯಲ್ಲೂ ಬೈಂಡಿಂಗ್ ಅಕ್ಕ. ಮೂವತ್ನಾಲ್ಕು ವರ್ಷಗಳ ಕೆಲಸ. ದಿನಕ್ಕೆ ಐದಾರು ಪುಸ್ತಕ, ಅದಕ್ಕೂ ಮುಂಚೆ ನಾಲ್ಕು ಕಿಲೋಮೀಟರ್ ನಡಿಗೆ. ಚಳಿಗಾಲದಲ್ಲಿ ಬಲಗೈ ಹೆಬ್ಬೆರಳು ಮಡಚುವುದಿಲ್ಲ. ಕೋಣೆಗಿರುವುದು ರಸ್ತೆಯ ಮಟ್ಟದ ಒಂದೇ ಕಿಟಕಿ, ಅದರಲ್ಲಿ ಕಾಣುವುದು ಹೋಗಿಬರುವವರ ಪಾದ ಮಾತ್ರ. "ಊರಿನ ಕಾಲು ನೋಡಿ ನೋಡಿ ಸಾಕಾಯ್ತು, ಮುಖ ನೋಡೋಣ ಅಂತ ಹೊರಟೆ," ಎನ್ನುತ್ತಾರೆ. ಊರಿನ ಮುಖವನ್ನು ಅವರಿಗೆ ತೋರಿಸಿದ್ದು ಹೊಲಿಯಲು ಬಂದ ಕಾದಂಬರಿಗಳು.

ಅವರ ಜೊತೆ ನಡೆಯುವುದೆಂದರೆ ಎರಡು ಊರುಗಳಲ್ಲಿ ಒಟ್ಟಿಗೆ ನಡೆದಂತೆ. ಒಂದು ಹಳೆಯ ಗೋಡೆ ತೋರಿಸಿ, "ಇಲ್ಲೇ ನೋಡಿ, ಕಳ್ಳ ಚಪ್ಪಲಿ ಬಿಟ್ಟು ಓಡಿದ್ದು," ಎಂದರು. ನಾನು ಗಾಬರಿಯಾಗಿ, "ಯಾವಾಗ ಅಕ್ಕಾ?" ಎಂದೆ.

"ನೂರ ಹನ್ನೆರಡನೇ ಪುಟದಲ್ಲಿ."

ಹುಟ್ಟಿದಾರಭ್ಯ ಇದೇ ಊರಲ್ಲಿರುವವನು ನಾನು. ಆ ಗೋಡೆಯನ್ನು ಕಣ್ಣೆತ್ತಿ ನೋಡಿದ್ದು ಮೊದಲ ಸಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆದರೆ ಅಕ್ಕನ ಈ ನಡಿಗೆ ಶುರುವಾದದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಅದೇ ಕೋಣೆಯಲ್ಲಿ ಬೈಂಡರ್ ಆಗಿದ್ದ ಅಪ್ಪ, ಮೆಟ್ಟಿಲು ಮತ್ತು ಗಂಟೆಯ ಸದ್ದಿರುವ ಈ ಕಾದಂಬರಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಊಟಕ್ಕೆ ಹೋಗಿದ್ದರು. ಪುಸ್ತಕದ ಬೆನ್ನು ಗಟ್ಟಿಯಾಗಿರಲೆಂದು ಅದರ ಒಳಗೆ ರದ್ದಿ ಕಾಗದ ಅಂಟಿಸುವುದುಂಟು. ಮಗಳು ಕೈಗೆ ಸಿಕ್ಕಿದ ಹಾಳೆಗಳನ್ನು ಮಡಚಿ, ಬೇರೆ ಹನ್ನೊಂದು ಪುಸ್ತಕಗಳ ಬೆನ್ನಿಗೆ ಅಂಟಿಸಿ, ಬಟ್ಟೆ ಮುಚ್ಚಿ ಹೊಲಿದುಬಿಟ್ಟರು. ಅವು ರದ್ದಿಯಲ್ಲ, ಕಾದಂಬರಿಯ ಕೊನೆಯ ಹನ್ನೊಂದು ಹಾಳೆಗಳು ಎಂದು ಗೊತ್ತಾಗುವಷ್ಟರಲ್ಲಿ ಪುಸ್ತಕಗಳು ಮೇಲಿನ ಕಪಾಟುಗಳಿಗೆ ಸೇರಿಹೋಗಿದ್ದವು. ಕಾದಂಬರಿಯ ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ. ಅಪ್ಪ ಬೈಯಲಿಲ್ಲ. "ಅವಳು ಎಲ್ಲಿಗೆ ಹೋದ್ಲು ಅಂತ ಇನ್ನು ನೀನೇ ಹುಡುಕ್ಬೇಕಮ್ಮಾ," ಎಂದರಂತೆ.

'ಅವಳು' ಎಂದರೆ ಕಾದಂಬರಿಯ ನಾಯಕಿ. ತಂಗಿಯೊಡನೆ ಜಗಳವಾಡಿ ಮನೆ ಬಿಟ್ಟು, ವರ್ಷಗಳ ನಂತರ ಒಂದು ಬೆಳಗಿನ ಜಾವ ಇಡೀ ಊರು ದಾಟಿ ತಂಗಿಯ ಮನೆಗೆ ಹೊರಟವಳು.

ಆ ವರ್ಷ ಅಕ್ಕ ಹೊಲಿದದ್ದೆಲ್ಲ ಹಸಿರು ದಾರದಲ್ಲಿ, ಹಾಗಾಗಿ ಗುರುತು ಸುಲಭ. ಕಷ್ಟವಿದ್ದದ್ದು ಬೇರೆ. ಗಟ್ಟಿಯಾಗಿರುವ ಪುಸ್ತಕವನ್ನು ಬಿಚ್ಚುವ ಹಾಗಿಲ್ಲ, ಸಡಿಲವಾದರೆ ಮಾತ್ರ ದುರಸ್ತಿಗೆ ಬರುತ್ತದೆ. "ಚೆನ್ನಾಗಿ ಹೊಲಿದದ್ದೇ ತಪ್ಪಾಯ್ತು ನೋಡಿ," ಎಂದು ನಗುತ್ತಾರೆ. "ಮೊದಲನೇ ಹಾಳೆ ಬರೋಕೆ ಒಂಬತ್ತು ವರ್ಷ ಕಾದೆ. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ."

ಬಂದ ಹಾಳೆಗಳೂ ಸರದಿಯಲ್ಲಿ ಬರಲಿಲ್ಲ. ಬೆನ್ನಿನ ಅಳತೆಗೆಂದು ಅಂಚು ಕತ್ತರಿಸಿದ್ದರಿಂದ ಪುಟದ ಸಂಖ್ಯೆಗಳು ಹೋಗಿದ್ದವು. ಮೊದಲಿನದು ಯಾವುದು, ನಂತರದ್ದು ಯಾವುದು? ಅಕ್ಕ ಪ್ರತಿಯೊಂದು ಹಾಳೆಯನ್ನೂ ಹಿಡಿದು ನಡೆದರು. ಸೇತುವೆ ಎಡಕ್ಕೆ ಕಂಡರೆ ಈ ಹಾಳೆ ಮೊದಲು, ಗಡಿಯಾರ ಬೆನ್ನಿಗೆ ಬಿದ್ದರೆ ಆ ಹಾಳೆ ಆಮೇಲೆ. ಊರಿನ ಬೀದಿಗಳನ್ನೇ ಪುಟಸಂಖ್ಯೆ ಮಾಡಿಕೊಂಡು ಒಂದು ಕಾದಂಬರಿಯನ್ನು ಜೋಡಿಸಿದ ಈ ಹೆಂಗಸಿನ ಮುಂದೆ ನನ್ನ ಓದು ಬರಹವೆಲ್ಲ ಬಹಳ ಸಣ್ಣದಾಗಿ ಕಾಣುತ್ತದೆ.

ಮೂರನೆಯ ತಿರುವು ಕಳೆದರೆ ಸಾಲುಮನೆಗಳು. ಹತ್ತನೆಯ ಹಾಳೆಯ ಕೊನೆಯ ಸಾಲನ್ನು ಅಕ್ಕ ನೋಡದೆಯೇ ಹೇಳುತ್ತಾರೆ: 'ಮೂರನೆಯ ಬಾಗಿಲಿನ ಮುಂದೆ ನಿಂತು ಅವಳು ಕೈ ಎತ್ತಿದಳು.' ಅಷ್ಟೇ. ಬಾಗಿಲು ತಟ್ಟಿದಳೋ, ಹಿಂದಿರುಗಿದಳೋ ಗೊತ್ತಿಲ್ಲ.

"ಈ ಹಾಳೆ ಸಿಕ್ಕಿ ನಾಲ್ಕು ವರ್ಷ ಆಯ್ತು. ನಾಲ್ಕು ವರ್ಷದಿಂದ ಕೈ ಎತ್ಕೊಂಡೇ ನಿಂತಿದ್ದಾಳೆ ಪಾಪ. ನೋವಾಗಲ್ವಾ ಅವಳಿಗೆ?"

ಮೂರನೆಯ ಬಾಗಿಲಲ್ಲಿ ಈಗ ಛತ್ರಿ ರಿಪೇರಿಯವರ ಮನೆ. ನಮ್ಮ ಸದ್ದಿಗೆ ಅವರು ಹೊರಗೆ ಇಣುಕುತ್ತಾರೆ. "ಏನಕ್ಕಾ, ತಟ್ಟಿದ್ಲಾ?"

"ಇನ್ನೂ ಇಲ್ಲಪ್ಪ."

ದಿನವೂ ಇಷ್ಟು ಬೇಗ ಏಕೆ ಬಾಗಿಲು ತೆಗೆದಿಡುತ್ತೀರಿ ಎಂದು ಅವರನ್ನು ಕೇಳಿದೆ. "ಅಷ್ಟು ದೂರದಿಂದ ಬಂದಿದ್ದಾಳೆ ಸಾರ್. ಚಿಲಕ ಹಾಕಿದ್ರೆ ಏನಂದ್ಕೋತಾಳೆ?" ಎಂದರು. ತಮಾಷೆಗೆ ಹೇಳಿದರೆಂದು ನಾನು ನಗಲು ಹೊರಟೆ. ಅವರು ನಗಲಿಲ್ಲ.

ಇನ್ನೆರಡು ತಿಂಗಳಿಗೆ ಅಕ್ಕನ ನಿವೃತ್ತಿ. ಹಾಳೆ ಕಡಿಮೆಯಿರುವ ಪುಸ್ತಕವನ್ನು ಕಪಾಟಿಗೆ ಸೇರಿಸುವ ಹಾಗಿಲ್ಲ. ಇಷ್ಟು ವರ್ಷ ಅದನ್ನು ತಮ್ಮ ಮೇಜಿನ ಮೇಲೆ 'ದುರಸ್ತಿಯಲ್ಲಿದೆ' ಎಂಬ ಚೀಟಿ ಅಂಟಿಸಿ ಕಾಪಾಡಿದ್ದಾರೆ. ಅವರು ಮೇಜು ಬಿಟ್ಟುಕೊಟ್ಟ ದಿನ ಅದು ರದ್ದಿಗೆ ಹೋಗುತ್ತದೆ. ಗ್ರಂಥಾಲಯದಲ್ಲಿದ್ದ ಹಸಿರು ದಾರದ ಪುಸ್ತಕಗಳೆಲ್ಲ ಒಂದೊಂದಾಗಿ ಬಂದು ಮುಗಿದಿವೆ. ಬಾಕಿಯಿರುವುದು ಒಂದೇ, ಹೂಗಿಡ ಬೆಳೆಸುವ ಬಗೆಗಿನ ಒಂದು ದಪ್ಪ ಪುಸ್ತಕ. ಯಾರೋ ಓದಲು ಒಯ್ದವರು ವಾಪಸು ತಂದಿಲ್ಲ. ಅದು ಇದೇ ಊರಿನ ಯಾವುದೋ ಮನೆಯ ಅಟ್ಟದಲ್ಲಿರಬಹುದು. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೇ ಇರಬಹುದು.

"ಪೇಪರಲ್ಲಿ ಇಷ್ಟು ಬರೀರಿ," ಎಂದು ಅಕ್ಕ ಕೇಳಿಕೊಳ್ಳುತ್ತಾರೆ. "ತಂದುಕೊಡಿ, ಯಾರೂ ಬೈಯಲ್ಲ. ಒಂದು ಹಾಳೆ ತಗೊಂಡು ಮತ್ತೆ ಹೊಲಿದು ಕೊಡ್ತೀನಿ. ನೀವೇ ಕೀಳೋಕೆ ಮಾತ್ರ ಹೋಗ್ಬೇಡಿ."

ಹಾಳೆ ಹರಿದೀತೆಂಬ ಭಯವೇ ಎಂದು ಕೇಳಿದೆ. ಅಕ್ಕ ಮಡಚಲು ಬಾರದ ಹೆಬ್ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡರು.

"ಅದಕ್ಕಲ್ಲ. ಕಿತ್ರೂ ಬರಲ್ಲ. ಅದು ನಾನು ಹೊಲಿದದ್ದು."