ಮೈಕಿನಲ್ಲಿ ಕೇಳಿಸಿದ ಹೊಗಳಿಕೆ

ಯಾರಿಗಾದರೂ ಶಾಲು ಹೊದಿಸಿ ಮೈಕಿನಲ್ಲಿ ಹೊಗಳುವುದನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನೀಗ ಚಿಂತಾಮಣಿಯಲ್ಲಿ ಕೆಲಸದಲ್ಲಿದ್ದೇನೆ. ಮೊನ್ನೆ ಇಲ್ಲಿನ ಹೈಸ್ಕೂಲೊಂದರವರು ಬಂದು, ಸಮಾಜಸೇವೆ ಮಾಡಿದ ಮಕ್ಕಳಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ, ನೀವೂ ಹತ್ತನೇ ಕ್ಲಾಸಿನಲ್ಲಿ ಇಂಥದ್ದೇ ಸನ್ಮಾನ ಪಡೆದವರಂತೆ, ನೀವೇ ಶಾಲು ಹೊದಿಸಬೇಕು ಎಂದರು. ಆಗುವುದಿಲ್ಲ ಎಂದೆ. ಅವರು ಮುಖ ಸಣ್ಣದು ಮಾಡಿಕೊಂಡು ಹೋದರು. ಕಾರಣ ಇದು.

ನಮ್ಮೂರು ದಿಬ್ಬೂರಹಳ್ಳಿಯ ಪಕ್ಕದ್ದು. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಳು. ನಮಗೆ ಸಂಬಂಧಿಯಲ್ಲ. ಮಕ್ಕಳಿರಲಿಲ್ಲ, ಗಂಡ ಸತ್ತು ಎಷ್ಟೋ ಕಾಲವಾಗಿತ್ತು. ಹರೆಯದಲ್ಲಿ ಶಿಡ್ಲಘಟ್ಟಕ್ಕೆ ಹೋಗಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡಿದವಳು. ಕುದಿಯುವ ನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹುಡುಕಿ ಹುಡುಕಿ ಅವಳ ಬೆರಳುಗಳು ಜಡ್ಡುಗಟ್ಟಿ, ಬಿಸಿ ಯಾವುದು ತಣ್ಣಗಿನದು ಯಾವುದು ತಿಳಿಯದಂತಾಗಿದ್ದವು. ಆಮೇಲೆ ಕಣ್ಣಿಗೂ ಪೊರೆ ಬಂತು. ಗತ್ತು ಮಾತ್ರ ಹೋಗಿರಲಿಲ್ಲ. ಯಾರಾದರೂ ಸಾರು ತಂದುಕೊಟ್ಟರೆ ಪಾತ್ರೆಯನ್ನು ಖಾಲಿ ಕಳಿಸುತ್ತಿರಲಿಲ್ಲ. ಒಂದು ಹಿಡಿ ಅವರೆಕಾಳಾದರೂ ಹಾಕುತ್ತಿದ್ದಳು.

ಸ್ಕೂಲು ಬಿಟ್ಟಮೇಲೆ ನಾನು ಅವಳ ಮನೆಗೆ ಹೋಗುತ್ತಿದ್ದೆ. ನೀರು ಕಾಯಿಸಿ, ಮೊಣಕೈ ಅದ್ದಿ ನೋಡಿ, ತಣ್ಣೀರು ಬೆರೆಸಿ ಸ್ನಾನ ಮಾಡಿಸುತ್ತಿದ್ದೆ. ಕೆಲವು ದಿನ ಅವಳ ಸೀರೆ ಒದ್ದೆಯಾಗಿರುತ್ತಿತ್ತು. "ನೀರು ಚೆಲ್ಲಿತ್ತು ಕಣಮ್ಮ," ಎನ್ನುವಳು. "ಹೂಂ ಅಜ್ಜಿ," ಎಂದು ಒಗೆದು ಹಾಕುವೆ. ಊರವರ ಮುಂದೆ ಅವಳು ಹೇಳುತ್ತಿದ್ದುದೇ ಬೇರೆ. "ಪಾಪ, ಅವರಮ್ಮ ರೇಷ್ಮೆ ಹುಳುಮನೇಲಿರ್ತಾಳೆ. ಸಂಜೆ ಹೊತ್ತು ಈ ಹುಡುಗೀನ ನಾನೇ ನೋಡ್ಕೋತೀನಿ." ಅದೂ ಸುಳ್ಳೇನಲ್ಲ. ಸ್ನಾನವಾದ ಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿ ಸೊಟ್ಟ ಜಡೆಯೊಂದನ್ನು ಹಾಕುತ್ತಿದ್ದಳು. ಅದನ್ನು ನಾನು ಬೆಳಗಿನವರೆಗೂ ಬಿಚ್ಚುತ್ತಿರಲಿಲ್ಲ.

ಯಾರೋ ಇದನ್ನೆಲ್ಲ ನಮ್ಮ ಮೇಷ್ಟ್ರ ಕಿವಿಗೆ ಹಾಕಿದರು. ವಾರ್ಷಿಕೋತ್ಸವದ ದಿನ ನನಗೆ ಸನ್ಮಾನವೆಂದು ಗೊತ್ತಾಯಿತು. ಅಜ್ಜಿ ಹಿಗ್ಗಿಬಿಟ್ಟಳು.

"ಹಾರ ಹಾಕ್ತಾರಾ ತಲ್ಲೀ? ಕಿತ್ತೆಸೀಬೇಡ, ನನಗೆ ತಂದು ತೋರ್ಸು. ಚೆನ್ನಾಗಿ ಓದ್ತೀಯ ಅಂತ ತಾನೆ?"

ಹೂಂ ಎಂದೆ. ಇನ್ನೇನು ಹೇಳಲಿ?

ನಮ್ಮ ಕಡೆ ಯಾವ ಕಾರ್ಯಕ್ರಮವಾದರೂ ಮೈಕ್ ಸೆಟ್ಟಿನವನು ಹಾರ್ನನ್ನು ಮರಕ್ಕೆ ಕಟ್ಟುವುದು ಊರ ಕಡೆಗೆ ಬಾಯಿ ಮಾಡಿ. ಸಭೆಗೆ ಬಾರದವರಿಗೂ ಕೇಳಿಸಬೇಕಲ್ಲ. ಅವತ್ತು ಬಾರದವರೇ ಹೆಚ್ಚು. ರೇಷ್ಮೆಹುಳು ಹಣ್ಣಾಗಿದ್ದ ಕಾಲ. ನಮ್ಮಮ್ಮನೂ ಗೂಡು ಕಟ್ಟುವುದಕ್ಕೆ ಹುಳುಗಳನ್ನು ಬಿದಿರಿನ ಚಂದ್ರಿಕೆಗೆ ಬಿಡುತ್ತ ಮನೆಯಲ್ಲೇ ಉಳಿದಿದ್ದಳು.

ಮೇಷ್ಟ್ರು ಒಳ್ಳೆಯವರು. ಪ್ರೀತಿಯಿಂದಲೇ ಮಾತಾಡಿದರು. ಅಜ್ಜಿಯ ಹೆಸರು ಹಿಡಿದು, ದಿಕ್ಕುದೆಸೆಯಿಲ್ಲದ ಕುರುಡು ಮುದುಕಿ ಎಂದರು. ಹೊಟ್ಟೆಯಲ್ಲಿ ಹುಟ್ಟಿದವರೂ ಮುಟ್ಟಲು ಹೇಸುವಂಥ ಬಟ್ಟೆಯನ್ನು ಈ ಮಗು ದಿನಾ ಒಗೆಯುತ್ತದೆ ಎಂದರು. ಚಪ್ಪಾಳೆ ಬಿತ್ತು. ಒಂದೊಂದು ಮಾತೂ ಹಾರ್ನಿನಿಂದ ಹೊರಟು ನಮ್ಮ ಬೀದಿಗಳ ಮೇಲೆ ಹೋಗುತ್ತಿತ್ತು. ಹಾರ ಹಾಕಿಸಿಕೊಂಡು ನಿಂತ ನನಗೆ ಜಗಲಿಯ ಮೇಲೆ ಕೂತು ಕೇಳುತ್ತಿರುವ ಅಜ್ಜಿಯೇ ಕಣ್ಣಿಗೆ ಬಂದಳು.

ಸಭೆ ಮುಗಿಯುವುದಕ್ಕೂ ಕಾಯದೆ ಓಡಿದೆ. ಅಜ್ಜಿ ಜಗಲಿಯ ಮೇಲಿರಲಿಲ್ಲ. ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹಾರವನ್ನು ಮಡಿಲಿಗಿಟ್ಟೆ. ಬೆರಳಿಗೆ ತಿಳಿಯದ್ದನ್ನು ಅವಳು ಕೆನ್ನೆಗೆ ಒತ್ತಿಕೊಂಡು ನೋಡುವವಳು. ಅವತ್ತು ಮುಟ್ಟಲೇ ಇಲ್ಲ.

"ನಾಳೆಯಿಂದ ಬರ್ಬೇಡಮ್ಮ," ಎಂದಳು.

"ನಾನು ಹೇಳ್ಲಿಲ್ಲ ಅಜ್ಜಿ, ದೇವ್ರಾಣೆ."

"ಗೊತ್ತು ಕಣೇ. ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ಕೆಲಸ ನಾನೇ ಮಾಡ್ಕೋತೀನಿ. ಈ ಊರಲ್ಲಿ ತಲೆ ಎತ್ಕೊಂಡು ಬಾಳ್ದೋಳು ನಾನು."

ಆಮೇಲೆ ಎಷ್ಟು ಸಲ ಹೋದರೂ ಒಳಗಿನಿಂದ ಚಿಲಕ. ಕದದ ಹೊರಗೆ ನಿಂತು ಅತ್ತಿದ್ದೇನೆ. ಅಮ್ಮ ಕಳಿಸಿದ ಸಾರನ್ನು ಹಾಗೇ ವಾಪಸು ತಂದಿದ್ದೇನೆ.

ಒಂದು ಸಂಜೆ ಅವಳೇ ನೀರು ಕಾಯಿಸಿಕೊಂಡಳು. ಕೈ ಅದ್ದಿ ನೋಡಿರಬೇಕು. ಆ ಕೈಗೆ ಏನು ತಿಳಿದೀತು? ತುಂಬಿದ ಚೊಂಬನ್ನು ಮೈಮೇಲೆ ಸುರಿದುಕೊಂಡಳು; ಉರಿ ತಾಳದೆ ಎದ್ದಾಗ ಬಕೆಟ್ಟೇ ಅವಳ ಮೇಲೆ ಉರುಳಿತು. ಕೂಗು ಕೇಳಿದವರು ಕದ ಮುರಿದು ಆಸ್ಪತ್ರೆಗೆ ಸೇರಿಸಿದರು. ಗಾಯ ಕೀವಾಗಿ, ಜ್ವರ ಏರಿ, ಅಲ್ಲಿಯೇ ಹೋದಳು.

ಹೆಣವನ್ನು ಊರಿಗೆ ತಂದರು. ಕೊನೆಯ ಸ್ನಾನಕ್ಕೆಂದು ಹೆಂಗಸರು ಅಂಗಳದಲ್ಲಿ ಕಲ್ಲು ಹೂಡಿ ನೀರು ಕಾಯಿಸಿದರು. ಒಬ್ಬಾಕೆ ಚೊಂಬು ಎತ್ತಿದಾಗ ನಾನು ನುಗ್ಗಿ ಬಂದು ನೀರಿಗೆ ಮೊಣಕೈ ಅದ್ದಿದೆ.

"ಬಿಸಿ ಜಾಸ್ತಿಯಾಯ್ತು. ತಣ್ಣೀರು ಬೆರೆಸಿ," ಎಂದೆ.

"ಇನ್ನು ಅವಳಿಗೇನು ಗೊತ್ತಾಗುತ್ತಮ್ಮ," ಎಂದು ಆಕೆ ನನ್ನನ್ನು ಪಕ್ಕಕ್ಕೆ ಸರಿಸಲು ಬಂದಳು.

ಅಮ್ಮ ಒಳಗೆ ಹೋಗಿ ಒಂದು ಬಿಂದಿಗೆ ತಣ್ಣೀರು ತಂದು ನನ್ನ ಕೈಗೆ ಕೊಟ್ಟಳು.