ಹಸಿರು ಕಣ ಮತ್ತು ಮರ ಕೊರೆಯುವ ಯಂತ್ರ

ಮರುದಿನ ಅಕ್ಕನ ಕುಬಸ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸದ ಕಣ, ಅಂದರೆ ರವಿಕೆ ಬಟ್ಟೆ, ಒಯ್ದು ಉಡಿ ತುಂಬುವ ಕಾರ್ಯ. ಕಣದ ಮೇಲೆ ನನ್ನ ಮಷೀನು ತಾನಾಗಿಯೇ ಗಿಳಿಯ ಕಸೂತಿ ಹಾಕುತ್ತದೆ ಅಂತ ಕಲಬುರಗಿಯ ಖೂಬಾ ಪ್ಲಾಟಿನಲ್ಲಿರುವ ಅಕ್ಕನ ಅತ್ತೆಮನೆಗೆಲ್ಲ ಫೋನಿನಲ್ಲೇ ಜಂಬ ಕೊಚ್ಚಿಕೊಂಡಿದ್ದೆ.

ಮಷೀನು ಅಂದರೆ ಕಮಲಾಪುರದ ನಮ್ಮ ಮನೆಯ ಹಳೇ ಹೊಲಿಗೆ ಮಷೀನೇ. ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ಯಂತ್ರವೊಂದು ಕಲಬುರಗಿಯ ರೋಜಾ ಬಡಾವಣೆಯ ಗುಜರಿ ಅಂಗಡಿಯಲ್ಲಿ ಸಿಕ್ಕಿತ್ತು. ಅದರ ಮೋಟರು, ಬೋರ್ಡು ಬಿಚ್ಚಿ, ವಿಡಿಯೊ ನೋಡಿ ಕಲಿತು ಇದಕ್ಕೆ ಜೋಡಿಸಿದ್ದೆ. ಬಟ್ಟೆ ಬಿಗಿದ ಚೌಕಟ್ಟನ್ನು ಎರಡು ಮೋಟರು ಸರಿಸುತ್ತಿದ್ದವು. ಸೂಜಿಯ ಮೋಟರು ತನ್ನ ಪಾಡಿಗೆ ಓಡುತ್ತಿತ್ತು.

ಸಂಜೆ ಕಣ ಬಿಗಿದು ಶುರು ಮಾಡಿದೆ. ಗಿಳಿಯ ಕೊಕ್ಕು ಚೆಂದವೇ ಬಂತು. ಕುತ್ತಿಗೆ ಹತ್ತಿರ ಟಕ್ ಅಂತು. ಸೂಜಿ ಬಾಗಿ ಬಟ್ಟೆಯೊಳಗೇ ಸಿಕ್ಕಿಕೊಂಡಿತು, ಕೆಳಗೆ ದಾರ ಗಂಟುಗಂಟಾಯಿತು. ಆಗ ತಿಳಿಯಿತು: ಮರ ಕೊರೆಯುವ ಮೊನೆ ಒಳಗಿದ್ದಾಗಲೇ ಸರಿಯಬೇಕು, ಬಟ್ಟೆಯಾದರೆ ಸೂಜಿ ಮೇಲಿದ್ದಾಗ ಮಾತ್ರ ಸರಿಯಬೇಕು. ಸೂಜಿ ಎಲ್ಲಿದೆ ಅಂತ ಬೋರ್ಡಿಗೆ ತಿಳಿಸುವ ಸೆನ್ಸರನ್ನೇ ನಾನು ಹಾಕಿರಲಿಲ್ಲ.

ಕತ್ತರಿ ತೆಗೆದುಕೊಂಡೆ.

"ಏಯ್, ಇಡು ಅದನ್ನ!" ಅವ್ವ ಓಡಿಬಂದಳು. "ಅರಿಷಿಣ ಕುಂಕುಮ ಹಚ್ಚೀನಿ. ಉಡಿಯಾಗ ಹಾಕೋತನಕ ಕತ್ತರಿ ತಾಗಬಾರ್ದು."

"ಬ್ಯಾರೆ ಕಣ ತರ್ತೀನಿ ಬಿಡವ್ವಾ."

"ಹಚ್ಚಿದ್ದು ಬಿಟ್ಟು ಬ್ಯಾರೇದು ಒಯ್ತಾರೇನು? ನಿನ್ನ ಮಷೀನು, ನೀನೇ ಬಿಡಸು."

ಸೂಜಿ ಕಳಚಿ ಗಂಟುಗಳನ್ನು ಒಂದೊಂದಾಗಿ ಸಡಿಲಿಸಿದೆ. ಆದರೆ ಬರೀ ಕೊಕ್ಕಿನ ಕಣವನ್ನು ಒಯ್ಯುವುದು ಹೇಗೆ? ಸೆನ್ಸರ್ ಕಮಲಾಪುರದಲ್ಲಿ ಸಿಗುವುದಿಲ್ಲ, ಕಲಬುರಗಿ ಮುಟ್ಟುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ. ಹೊಸ ಸೂಜಿ ಹಾಕಿ, ಸೂಜಿಯ ಮೋಟರಿನ ಬೆಲ್ಟ್ ಬಿಚ್ಚಿದೆ. ಸೆನ್ಸರ್ ನಾನೇ ಆದೆ. ಬಲಗೈಯಲ್ಲಿ ಚಕ್ರ ತಿರುಗಿಸುವುದು, ಸೂಜಿ ಮೇಲೆ ಬಂತೆಂದರೆ ಎಡಗೈಯಲ್ಲಿ ಬೋರ್ಡಿನ ಗುಂಡಿ ಒತ್ತುವುದು. ಚೌಕಟ್ಟು ಒಂದು ಹೊಲಿಗೆಯಷ್ಟು ಸರಿಯುತ್ತಿತ್ತು. ಕಣ್ಣು ತಪ್ಪಿದರೆ ಇನ್ನೊಂದು ಸೂಜಿ ಹೋದಂತೆಯೇ. ಬೆನ್ನು ಸೆಟೆದುಕೊಂಡರೂ ಏಳುವಂತಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನು. ಅವ್ವ ಸ್ಪೀಕರ್ ಹಾಕಿ ನನ್ನ ಕಿವಿ ಹತ್ತಿರ ಹಿಡಿದಳು.

"ಏನೋ ತಮ್ಮಾ, ಮಷೀನ್ ನಡ್ದದೇನೋ?"

"ನಡ್ದದ ಅಕ್ಕಾ."

"ತಾನೇ ಹಾಕ್ತದಂದಿಯಲ್ಲ, ಮತ್ತ ನೀ ಯಾಕ ಅಲ್ಲೇ ಕುಂತಿ? ಬಸ್ ಹತ್ತಿ ಈಗೇ ಬಾ. ಇಲ್ಲಿ ಪೆಂಡಾಲ್ ಕಟ್ಟಾಕ ಕೈ ಸಾಲವಲ್ವು."

"ಮಷೀನ್ ಒಂದೇ ಬಿಟ್ಟು ಬರಂಗಿಲ್ಲಕ್ಕಾ."

"ಯಾಕ, ಅಳ್ತದೇನು?"

ಆ ಕಡೆ ಮನೆ ಮಂದಿಯೆಲ್ಲ ನಕ್ಕರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಫೋನ್ ಇಟ್ಟ ಮೇಲೆ ಅವಳೇ ಚಹಾದ ಕಪ್ಪನ್ನು ನನ್ನ ತುಟಿಗೆ ಹಿಡಿದಳು. ಗಿಳಿಗೆ ರೆಕ್ಕೆ ಬಂದಿತ್ತು. ಬಾಲ ಇನ್ನೂ ಪೂರ್ತಿ ಬಾಕಿ.